ಹತ್ತು ಹೆಕ್ಟೇರಿಗೊಂದು ಮಣ್ಣು, ಹತ್ತು ಹೆಜ್ಜೆಗೊಂದು ಮಣ್ಣು

 

ನಾನು ಹಾವೇರಿ ಕಡೆಯವನು. ಠಾಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಹೊಟ್ಟೆಪಾಡಿಗೆ ಮಾಡೋದು ಮ್ಯಾಪಿಂಗ್ ಸಾಫ್ಟ್‌ವೇರ್ ಕೆಲಸ. ನಿಮ್ಮ ಮನೆ ಬಾಗಿಲಿಗೆ ಪಾರ್ಸೆಲ್ ಯಾವ ದಾರಿಯಲ್ಲಿ ಬರಬೇಕು ಅಂತ ಲೆಕ್ಕ ಹಾಕೋ ಕೆಲಸ ಅಂದ್ಕೊಳ್ಳಿ. ನಾಲ್ಕು ವರ್ಷದಿಂದ ತಿಂಗಳಿಗೆ ಒಂದೆರಡು ವಾರಾಂತ್ಯ ಒಂದು ಸಣ್ಣ ಗುಂಪಿನ ಜೊತೆ ಪಾಲಘರ್ ಜಿಲ್ಲೆಯ ಜವ್ಹಾರ್, ಮೋಖಾಡಾ ಗುಡ್ಡಗಳ ಕಡೆ ಹೋಗ್ತಾ ಇದ್ದೀನಿ. ಅಲ್ಲಿನ ವಾರ್ಲಿ, ಕೋಕಣಾ, ಕಾತಕರಿ ಜನರ ಹೊಲಗಳ ಮಣ್ಣಿನ ನಕ್ಷೆ ಮಾಡೋದು ಆ ಗುಂಪಿನ ಕೆಲಸ. ಇವತ್ತು ಅದರ ಬಗ್ಗೆ ಮಾತಾಡ್ತೀನಿ.

ಎಲ್ಲಿದೆ ಈ ಊರು?

ಠಾಣೆಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ ದಾರಿ. 1948ರವರೆಗೆ ಜವ್ಹಾರ್ ಒಂದು ಸಣ್ಣ ಸಂಸ್ಥಾನ ಆಗಿತ್ತು. ಆಮೇಲೆ ಠಾಣೆ ಜಿಲ್ಲೆಗೆ ಸೇರ್ತು. 2014ರ ಆಗಸ್ಟ್ 1ರಂದು ಪಾಲಘರ್ ಬೇರೆ ಜಿಲ್ಲೆ ಆದಾಗ ಅದರೊಳಗೆ ಬಂತು. ವರ್ಷಕ್ಕೆ 2000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ, ಅಂದ್ರೆ ನಮ್ಮ ಹಾವೇರಿಯ ಎರಡು-ಮೂರು ಪಟ್ಟು. ಆದ್ರೆ ಬಹುತೇಕ ಎಲ್ಲಾ ನಾಲ್ಕೇ ತಿಂಗಳಲ್ಲಿ ಸುರಿದು, ಇಳಿಜಾರು ಹಿಡಿದು ಸಮುದ್ರಕ್ಕೆ ಹೋಗಿಬಿಡುತ್ತೆ. ಏಪ್ರಿಲ್‌ನಲ್ಲಿ ಹೋದ್ರೆ ಹೆಣ್ಣುಮಕ್ಕಳು ಕೊಡ ಹೊತ್ತು ನಡೀತಾ ಇರ್ತಾರೆ.

ಅಲ್ಲಿ ಎರಡು ಥರದ ಜಮೀನು. ಕೆಳಗೆ ಹಳ್ಳದ ಪಕ್ಕ ಬದು ಹಾಕಿದ ಸಣ್ಣ ಸಣ್ಣ ಭತ್ತದ ಗದ್ದೆ, ಅದಕ್ಕೆ ಖಾಚರ ಅಂತಾರೆ. ಮೇಲೆ ಗುಡ್ಡದ ಇಳಿಜಾರಿನ ಹೊಲ, ಅದು ವರ್ಕಸ್. ವರ್ಕಸ್‌ನಲ್ಲಿ ಬೆಳೆಯೋದು ನಾಗಲಿ, ವರೈ, ಖುರಸಣಿ. ಹೆಸರು ಕೇಳಿ ಪರಕೀಯ ಅನ್ನಿಸಬಹುದು. ನಾಗಲಿ ಅಂದ್ರೆ ನಮ್ಮ ರಾಗಿ, ವರೈ ಅಂದ್ರೆ ಸಾಮೆ, ಖುರಸಣಿ ಅಂದ್ರೆ ಗುರೆಳ್ಳು. ಅವರ ರಾಗಿ ರೊಟ್ಟಿ, ನನ್ನೂರಿನ ಗುರೆಳ್ಳು ಚಟ್ನಿ ಒಂದೇ ತಾಟಿನಲ್ಲಿ ಆರಾಮಾಗಿ ಕೂರುತ್ತೆ.

ಇಲ್ಲಿ ಪಣಕ್ಕಿರೋದು ಏನು ಅಂತ ಈಗಲೇ ಹೇಳಿಬಿಡ್ತೀನಿ. 1992ರಲ್ಲಿ ಜವ್ಹಾರ್ ತಾಲೂಕಿನ ವಾವರ್-ವಾಂಗಣಿಯಲ್ಲಿ ಅಪೌಷ್ಟಿಕತೆಯಿಂದ ಮಕ್ಕಳು ಸತ್ತಾಗ ಅದು ದೊಡ್ಡ ಸುದ್ದಿ ಆಗಿತ್ತು. ಇವತ್ತಿಗೂ ಅಲ್ಲಿನ ಮನೆಯಲ್ಲಿ ಮುಖ್ಯ ಪ್ರಶ್ನೆ ಒಂದೇ: ಈ ವರ್ಷದ ನಾಗಲಿ ಎಷ್ಟು ತಿಂಗಳು ಬರುತ್ತೆ? ಬೆಳೆ ಸಾಕಾಗದ ಮನೆಯವರು ದೀಪಾವಳಿ ಮುಗಿದ ಕೂಡಲೇ ಮಕ್ಕಳನ್ನೂ ಕಟ್ಟಿಕೊಂಡು ಭಿವಂಡಿ, ವಸಈ ಕಡೆಯ ಇಟ್ಟಿಗೆ ಭಟ್ಟಿಗೆ ಹೊರಡ್ತಾರೆ. ಮಗುವಿನ ಶಾಲೆ ಅಲ್ಲಿಗೆ ಕಟ್. ನಾವೂ ವಲಸೆ ಬಂದವರೇ. ಆದ್ರೆ ನಾವು ಆಫರ್ ಲೆಟರ್ ಹಿಡ್ಕೊಂಡು ಬಂದ್ವಿ. ಅವರು ಮುಂಗಡದ ಸಾಲ ಹೊತ್ಕೊಂಡು ಬರ್ತಾರೆ. ಇಳಿಜಾರಿನ ಹೊಲ ಇನ್ನೊಂದೆರಡು ತಿಂಗಳ ಕಾಳು ಕೊಟ್ರೆ ಆ ಪ್ರಯಾಣ ಅಷ್ಟು ತಡ ಆಗುತ್ತೆ. ಕೆಲವು ಮನೆಗಳಲ್ಲಿ ನಿಂತೇ ಹೋಗಬಹುದು.

ಸರ್ಕಾರದ ಚೀಟಿ ಹೇಗೆ ತಯಾರಾಗುತ್ತೆ

ಮಣ್ಣು ಆರೋಗ್ಯ ಚೀಟಿ ಅಂತ ಕೇಳಿರ್ತೀರಿ, ಸಾಯಿಲ್ ಹೆಲ್ತ್ ಕಾರ್ಡ್. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾದ ಯೋಜನೆ. ನಿಮ್ಮ ಅಪ್ಪನ ಹತ್ತಿರವೂ ಒಂದು ಇರಬಹುದು, ಟ್ರಂಕಿನಲ್ಲಿ ಹುಡುಕಿಸಿ. ಅದರಲ್ಲಿ ಹನ್ನೆರಡು ಅಂಶ ಇರುತ್ತೆ: ರಸಸಾರ ಅಂದ್ರೆ ಪಿಎಚ್, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್.

ಇದು ದಂಡದ ಕೆಲಸ ಅಂತ ನಾನು ಹೇಳ್ತಾ ಇಲ್ಲ. ಮಣ್ಣು ಪರೀಕ್ಷೆ ಎಷ್ಟು ಉಪಯೋಗ ಅನ್ನೋದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. ನಿಮ್ಮಲ್ಲಿ ಹೈದರಾಬಾದಿನಿಂದ ಬಂದವರು ಪಟಾನ್‌ಚೆರು ಹತ್ತಿರದ ಇಕ್ರಿಸ್ಯಾಟ್ ಗೇಟ್ ನೋಡಿರ್ತೀರಿ. 2009ರಲ್ಲಿ ಕರ್ನಾಟಕ ಸರ್ಕಾರ ಅವರ ಜೊತೆ ಸೇರಿ ಭೂಚೇತನ ಶುರು ಮಾಡ್ತು. ರಾಜ್ಯದ ಉದ್ದಗಲಕ್ಕೂ ಮಣ್ಣು ತೆಗೆದು ನೋಡಿದಾಗ ಎಷ್ಟೋ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕಡಿಮೆ ಇರೋದು ಗೊತ್ತಾಯ್ತು. ಅಲ್ಲಿವರೆಗೆ ರೈತರು ಯೂರಿಯಾ, ಡಿಎಪಿ ಸುರೀತಾ ಇದ್ರು. ಕೊರತೆ ಇದ್ದದ್ದು ಚಿಟಿಕೆಯಷ್ಟು ಬೇಕಾದ ವಸ್ತುವಿನದು. ನಕ್ಷೆ ಮಾಡಿದ್ದಕ್ಕೇ ಅದು ಕಣ್ಣಿಗೆ ಬಿತ್ತು.

ಆದ್ರೆ ಅದೇ ಪದ್ಧತಿಯನ್ನ ಗುಡ್ಡದ ಮೇಲಿನ ಪಾಡಾಕ್ಕೆ ಹಾಗೇ ತಂದ್ರೆ ಮೂರು ಕಡೆ ಎಡವುತ್ತೆ. ಪಾಡಾ ಅಂದ್ರೆ ಅಲ್ಲಿನ ಹಾಡಿ, ಕೇರಿ.

ಮೊದಲನೆಯದು ಗ್ರಿಡ್. ಯೋಜನೆಯ ನಿಯಮದಲ್ಲಿ ನೀರಾವರಿ ಜಮೀನಿಗೆ 2.5 ಹೆಕ್ಟೇರಿಗೊಂದು, ಮಳೆ ಆಧಾರಿತ ಜಮೀನಿಗೆ 10 ಹೆಕ್ಟೇರಿಗೊಂದು ಮಾದರಿ. ಆ ಚೌಕದೊಳಗಿನ ಎಲ್ಲಾ ರೈತರಿಗೂ ಅದೇ ಫಲಿತಾಂಶ. 10 ಹೆಕ್ಟೇರ್ ಅಂದ್ರೆ ಸುಮಾರು 25 ಎಕರೆ. ನಮ್ಮ ಎರೆಭೂಮಿಯಲ್ಲಿ 25 ಎಕರೆ ಒಂದೇ ಥರ ಇದ್ದರೂ ಇರಬಹುದು. ಜವ್ಹಾರ್ ಗುಡ್ಡದಲ್ಲಿ ಅಷ್ಟರೊಳಗೆ ಹಳ್ಳ, ಗದ್ದೆ, ಇಳಿಜಾರು, ಬಂಡೆ, ಮತ್ತೆ ಇಳಿಜಾರು ಎಲ್ಲಾ ಬಂದುಬಿಡುತ್ತೆ. ಉದಾಹರಣೆಗೆ ಕೆಳಗಿನ ಗದ್ದೆಯ ಪಿಎಚ್ 6.5, ಮೇಲಿನ ಇಳಿಜಾರಿನದು 5.5 ಅಂತ ಇಟ್ಕೊಳ್ಳಿ. ಸರಾಸರಿ 6 ಬರೆದು ಮುಗಿಸೋಣ ಅನ್ನಿಸುತ್ತೆ. ಪಿಎಚ್ ಲಾಗರಿದಮ್ ಸ್ಕೇಲ್, ಒಂದು ಅಂಕಿ ಇಳಿದ್ರೆ ಆಮ್ಲೀಯತೆ ಹತ್ತು ಪಟ್ಟು. 5.5ರ ಕೆಳಗೆ ಹೋದ ಹಾಗೆ ಅಲ್ಯುಮಿನಿಯಂ ಕರಗಿ ಬೇರಿಗೆ ಹೊಡೆತ ಕೊಡೋಕೆ ಶುರು ಮಾಡುತ್ತೆ. ಆ ಸರಾಸರಿ ಯಾರ ಹೊಲದ್ದೂ ಅಲ್ಲ.

ಎರಡನೆಯದು ಲ್ಯಾಬ್. ರಂಜಕ ಅಳೆಯೋದಕ್ಕೆ ನಮ್ಮಲ್ಲಿ ಹೆಚ್ಚು ಬಳಸೋದು ಓಲ್ಸೆನ್ ವಿಧಾನ. ಅದು ತಟಸ್ಥ ಮತ್ತು ಕ್ಷಾರೀಯ ಮಣ್ಣಿಗೆ ಹೊಂದುತ್ತೆ. ಆಮ್ಲೀಯ ಮಣ್ಣಿಗೆ ಬ್ರೇ ಅನ್ನೋ ಬೇರೆ ವಿಧಾನ ಇದೆ. ಜೋರು ಮಳೆ ಬೀಳೋ ಕೆಂಪು ಗುಡ್ಡಗಳಲ್ಲಿ ಸುಣ್ಣದಂಶ ತೊಳೆದು ಹೋಗಿರುತ್ತೆ, ಕಬ್ಬಿಣ ಮತ್ತು ಅಲ್ಯುಮಿನಿಯಂ ರಂಜಕವನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಅಂಥ ಮಣ್ಣನ್ನ ಯಾವ ವಿಧಾನದಲ್ಲಿ ಪರೀಕ್ಷೆ ಮಾಡಿದ್ರು ಅಂತ ಕೇಳದೇ ನಂಬರನ್ನ ಡ್ಯಾಶ್‌ಬೋರ್ಡಿಗೆ ಹಾಕಬಾರದು. ಡೇಟಾ ಯಾವ ಯೂನಿಟ್ಟಿನಲ್ಲಿದೆ ಅಂತ ಕೇಳದೇ ಮರ್ಜ್ ಮಾಡೋದಿಲ್ವಲ್ಲ ನಾವು, ಹಾಗೇ ಇದು.

ಮೂರನೆಯದು ಸಲಹೆ. ಚೀಟಿಯ ಕೊನೆಗೆ ಗೊಬ್ಬರದ ಲೆಕ್ಕ ಬರುತ್ತೆ. ಹೆಕ್ಟೇರಿಗೆ 50 ಕೆಜಿ ಸಾರಜನಕ ಹಾಕಿ ಅಂತ ಬಂತು ಅನ್ನಿ. ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್, ಚೀಲ 45 ಕೆಜಿ. ಅಂದ್ರೆ ಹತ್ತಿರ ಹತ್ತಿರ ಎರಡೂವರೆ ಚೀಲ. ಅದನ್ನ ಕೊಳ್ಳೋಕೆ ದುಡ್ಡು ಬೇಕು, ಆಮೇಲೆ ತಲೆ ಮೇಲೆ ಹೊತ್ತು ಗುಡ್ಡ ಹತ್ತಬೇಕು. ಹಾಕಿದ ಮಾರನೇ ದಿನ ಜವ್ಹಾರ್ ಮಳೆ ಬಂದ್ರೆ ಬಹುಪಾಲು ಹಳ್ಳ ಸೇರುತ್ತೆ. ಇಂಥ ಸಲಹೆ ಬಂದಾಗ ಆ ಮನೆಯವರು ಚೀಟಿಯನ್ನ ಮಡಿಚಿ ಸೂರಿಗೆ ಸಿಕ್ಕಿಸ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ.

ಹೆಸರು ಮೊದಲು, ಮಾದರಿ ಆಮೇಲೆ

ನಾನು ಹೋಗೋ ಗುಂಪಿನಲ್ಲಿ ಕೃಷಿ ಓದಿದ ಒಬ್ಬ ಹುಡುಗಿ, ಅದೇ ಪಾಡಾಗಳ ನಾಲ್ಕೈದು ಯುವಕರು, ನನ್ನಂಥ ಇಬ್ಬರು ಕಂಪ್ಯೂಟರಿನವರು ಇದ್ದೀವಿ. ಅವರ ಕ್ರಮ ನನಗೆ ಬಹಳ ಹಿಡಿಸ್ತು. ಮೊದಲ ದಿನ ಮಣ್ಣು ತೆಗೆಯೋದಿಲ್ಲ. ಹೊಲದ ಮನೆಯವರ ಜೊತೆ ನಡೀತಾರೆ. ಇಲ್ಲಿಂದ ಇಲ್ಲಿವರೆಗೆ ಮಣ್ಣು ಒಂದೇನಾ, ಎಲ್ಲಿ ಬದಲಾಗುತ್ತೆ, ಏನಂತ ಕರೀತೀರಿ ಅಂತ ಕೇಳ್ತಾರೆ. ಉತ್ತರ ಬಂದಲ್ಲಿ ಫೋನಿನಲ್ಲಿ ಗೆರೆ ಎಳೀತಾರೆ.

ನಮ್ಮ ಕಡೆ ಯೋಚನೆ ಮಾಡಿ. ನನ್ನ ಅಜ್ಜ ಪಿಎಚ್ ಅನ್ನೋ ಪದ ಕೇಳಿರಲಿಲ್ಲ. ಆದ್ರೆ ಎರೆ, ಮಸಾರಿ, ಮರಡಿ, ಸವಳು, ಗರಸು ಅಂತ ಒಂದೇ ಊರಿನ ಜಮೀನನ್ನ ಐದು ಹೆಸರಿನಿಂದ ಕರೀತಿದ್ದ. ಹೆಸರಿನ ಜೊತೆಗೇ ಯಾವ ಬೆಳೆ, ಯಾವಾಗ ಬಿತ್ತನೆ, ಎಷ್ಟು ದಿನ ಹಸಿ ನಿಲ್ಲುತ್ತೆ ಅನ್ನೋದೂ ಬರ್ತಿತ್ತು. ಆ ಗುಡ್ಡದಲ್ಲೂ ಅಂಥದ್ದೇ ವಿದ್ಯೆ ಇದೆ. ವರ್ಕಸ್ ಹೊಲದಲ್ಲಿ ಹಿಂದಿನಿಂದ ಬಂದ ಕ್ರಮ ನೋಡಿ: ಮೊದಲ ವರ್ಷ ನಾಗಲಿ, ಮುಂದಿನ ವರ್ಷ ವರೈ, ಆಮೇಲೆ ಖುರಸಣಿ, ಕೊನೆಗೆ ಹೊಲ ಪಾಳು ಬಿಟ್ಟು ವಿಶ್ರಾಂತಿ. ಮಣ್ಣಿನ ಕಸುವು ಇಳಿದ ಹಾಗೆ ಕಡಿಮೆ ಬೇಡೋ ಬೆಳೆ. ಯಾವ ಹೊಲಕ್ಕೆ ಈ ವರ್ಷ ಖುರಸಣಿ ಬಂದಿದೆ ಅಂತ ಗುರುತು ಹಾಕಿದ್ರೆ, ಲ್ಯಾಬಿಗೆ ಹೋಗೋ ಮೊದಲೇ ಒಂದು ಫಲವತ್ತತೆಯ ನಕ್ಷೆ ನಿಮ್ಮ ಕೈಯಲ್ಲಿ ಇರುತ್ತೆ. ಈಗ ಜಮೀನು ಸಾಲದೇ ಆ ಪಾಳು ಬಿಡೋ ವರ್ಷಗಳೇ ಕಡಿಮೆ ಆಗ್ತಾ ಇವೆ. ಮಣ್ಣು ಸೊರಗೋದಕ್ಕೆ ಅದೂ ಒಂದು ಕಾರಣ.

ಸಸಿಮಡಿಯಲ್ಲಿ ಅವರು ಮಾಡೋ ರಾಬ್ ಅನ್ನೋ ಪದ್ಧತಿಯೂ ಹಾಗೇ. ಮಳೆಗೆ ಮುಂಚೆ ಕೊಂಬೆ, ಸೊಪ್ಪು, ಸಗಣಿ, ಹುಲ್ಲು ಹರಡಿ, ಮೇಲೆ ತೆಳ್ಳಗೆ ಮಣ್ಣು ಹಾಕಿ ಸುಡ್ತಾರೆ. ಹೊರಗಿನವರಿಗೆ ಕಾಡು ಸುಡ್ತಾರೆ ಅನ್ನಿಸುತ್ತೆ. ಪುಣೆ ಕೃಷಿ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದ ಹೆರಾಲ್ಡ್ ಮ್ಯಾನ್ ಮತ್ತು ಸಂಗಡಿಗರು ನೂರು ವರ್ಷಕ್ಕೂ ಹಿಂದೆಯೇ ಇದನ್ನ ಅಧ್ಯಯನ ಮಾಡಿದ್ರು. ಬಿಸಿಗೆ ಕಳೆಯ ಬೀಜ ಸಾಯುತ್ತೆ, ಬೂದಿಯಿಂದ ಪೊಟ್ಯಾಷ್ ಸಿಗುತ್ತೆ, ಆಮ್ಲೀಯತೆ ಇಳಿಯುತ್ತೆ. ಇದಕ್ಕೆ ಬೆಲೆಯೂ ಇದೆ. ಮರ ಸವರಬೇಕು, ಹೊರೆ ಹೊರಬೇಕು, ಆ ಹೊರೆ ಹೆಚ್ಚಾಗಿ ಹೆಂಗಸರ ತಲೆ ಮೇಲೆ ಬರುತ್ತೆ. ನಮ್ಮ ಮಲೆನಾಡಿನವರಿಗೆ ಸುಡುಮಣ್ಣು ನೆನಪಾಗಬಹುದು.

ಎರಡನೇ ಭೇಟಿಯಲ್ಲಿ ಮಣ್ಣು ತೆಗೀತೀವಿ. ಬೆಳೆ ಕೊಯ್ದ ಮೇಲೆ, ಬಿತ್ತನೆಗೆ ಮುಂಚೆ. ಹೊಲದವರು ಎಳೆದ ಗೆರೆಯೊಳಗೆ ಅಂಕುಡೊಂಕಾಗಿ ನಡೀತಾ ಎಂಟು-ಹತ್ತು ಕಡೆ ಇಂಗ್ಲಿಷ್ ವಿ ಆಕಾರದ ಗುಂಡಿ, 15 ಸೆಂಟಿಮೀಟರ್ ಆಳ. ಮರದ ಕೆಳಗೆ, ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ ಬಿಡಬೇಕು. ಎಲ್ಲಾ ಸೇರಿಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ, ಹೀಗೇ ಅರ್ಧ ಕೆಜಿ ಉಳಿಯೋವರೆಗೆ ಮಾಡಿ ನೆರಳಲ್ಲಿ ಒಣಗಿಸಬೇಕು. ತುಕ್ಕು ಹಿಡಿದ ಸಲಿಕೆ ಬಳಸಿದ್ರೆ ಕಬ್ಬಿಣದ ಲೆಕ್ಕವೇ ಕೆಡುತ್ತೆ.

ಜೊತೆಗೆ ದುಡ್ಡಿಲ್ಲದ ಎರಡು ಪರೀಕ್ಷೆ. ಒಂದು, ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಡೋದು. ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತೆ, ಗೋಡು ಕೆಲವು ಗಂಟೆಯಲ್ಲಿ, ಜೇಡಿ ಮಾರನೇ ದಿನಕ್ಕೆ. ಪದರ ನೋಡಿದ್ರೆ ಮಣ್ಣಿನ ಮೈಕಟ್ಟು ಗೊತ್ತಾಗುತ್ತೆ. ಎರಡು, ಹಾರೆ. ಮಳೆ ಬಂದು ಹಸಿಯಾದಾಗ ಹಾರೆ ನಾಟಿದ್ರೆ ಎಷ್ಟು ಆಳಕ್ಕೆ ಟಣ್ ಅನ್ನುತ್ತೆ ಅಂತ ಅಳೆಯೋದು.

ಈ ಎರಡನೇ ಪರೀಕ್ಷೆಯ ನಕ್ಷೆಯೇ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬಂತು. ಒಬ್ಬರು ಆಜಿ, ನನ್ನನ್ನ ದಾದಾ ಅಂತ ಕರೀತಾರೆ, ಲ್ಯಾಬ್ ರಿಪೋರ್ಟ್ ಓದಿ ಹೇಳಿದಾಗ ಸುಮ್ಮನೆ ಕೇಳಿಸ್ಕೊಂಡ್ರು. ಆಳದ ನಕ್ಷೆ ಹಾಸಿದಾಗ ಮುಂದೆ ಬಗ್ಗಿ, "ದಾದಾ, ಈ ಮೂಲೆಯಲ್ಲಿ ನಮ್ಮತ್ತೆ ಕಾಲಕ್ಕೆ ಮೊಣಕಾಲುದ್ದ ಮಣ್ಣಿತ್ತು. ಈಗ ಮುರುಮ್ ಕಾಣುತ್ತೆ. ಆ ಮಣ್ಣೆಲ್ಲಾ ಎಲ್ಲಿಗೆ ಹೋಯ್ತು ಅಂತ ನಿಮ್ಮ ನಕ್ಷೆ ಹೇಳುತ್ತಾ?" ಅಂದ್ರು.

ಸರಿಯಾದ ಪ್ರಶ್ನೆ ಅದು. ಸಾವಯವ ಇಂಗಾಲ 0.5 ಪರ್ಸೆಂಟಿಗಿಂತ ಕಡಿಮೆ ಇದ್ರೆ ಕಡಿಮೆ, 0.75 ದಾಟಿದ್ರೆ ಹೆಚ್ಚು ಅಂತ ಚೀಟಿ ಹೇಳುತ್ತೆ. ಆದ್ರೆ ಆ ಇಂಗಾಲ ಕೂತಿರೋದೇ ಮೇಲಿನ ತೆಳು ಪದರದಲ್ಲಿ. ಇಳಿಜಾರಿನಲ್ಲಿ ಪ್ರತಿ ಮಳೆಗಾಲ ಮೊದಲು ಕೊಚ್ಚಿಕೊಂಡು ಹೋಗೋದೂ ಅದೇ ನಯವಾದ ಮಣ್ಣು. ಸೋರೋ ಕೊಡಕ್ಕೆ ಎಷ್ಟು ನೀರು ಹಾಕಬೇಕು ಅನ್ನೋದಕ್ಕಿಂತ ಮೊದಲು ತೂತು ಎಲ್ಲಿದೆ ಅಂತ ನೋಡಬೇಕು. ಅದಕ್ಕೇ ಈಗ ನಮ್ಮ ನಕ್ಷೆಯಲ್ಲಿ ಮೊದಲ ಲೇಯರ್ ಮಣ್ಣಿನ ಆಳ, ಎರಡನೆಯದು ಇಳಿಜಾರು ಮತ್ತು ನೀರು ಹರಿಯೋ ದಾರಿ, ಮೂರನೆಯದು ಊರಿನ ಮಣ್ಣಿನ ಹೆಸರು. ಲ್ಯಾಬಿನ ಹನ್ನೆರಡು ಅಂಶ ಆಮೇಲೆ.

ಸಲಹೆಯೂ ಕೈಗೆ ಸಿಗೋ ವಸ್ತುವಿನಲ್ಲೇ ಇರುತ್ತೆ. ನೀರು ಓಡೋ ಕಡೆ ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಬದು. ಬದುವಿನ ಮೇಲೆ ಗ್ಲಿರಿಸಿಡಿಯಾ, ನಮ್ಮಲ್ಲಿ ಗೊಬ್ಬರದ ಗಿಡ ಅಂತೀವಲ್ಲ ಅದು. ಕೊಂಬೆ ನೆಟ್ರೆ ಚಿಗುರುತ್ತೆ, ಸೊಪ್ಪು ಕಡಿದು ಹೊಲಕ್ಕೇ ಹಾಕಬಹುದು, ರಾಬ್‌ಗೆ ಕಾಡಿನ ಮರ ಸವರೋದೂ ಕಡಿಮೆ ಆಗುತ್ತೆ. ಸತು ಕಡಿಮೆ ಇದ್ದ ಭತ್ತದ ಗದ್ದೆಗೆ ಮಾತ್ರ ಅಂಗಡಿಯಿಂದ ಸತುವಿನ ಸಲ್ಫೇಟ್. ಇವನ್ನ ಅಕ್ಷರದಲ್ಲಿ ಬರೆಯೋ ಬದಲು ಅವರದೇ ಮಾತಿನಲ್ಲಿ ಒಂದು ನಿಮಿಷದ ಆಡಿಯೋ ಮಾಡಿ ಫೋನಿಗೆ ಕಳಿಸ್ತಾರೆ. ದೊಡ್ಡ ನಕ್ಷೆ ಫ್ಲೆಕ್ಸ್ ಮೇಲೆ ಪ್ರಿಂಟ್ ಆಗಿ ಪಾಡಾದಲ್ಲೇ ಇರುತ್ತೆ.

ಉತಾರ ಇಲ್ಲದ ಹೊಲ

ಈಗ ಕಷ್ಟದ ಭಾಗಕ್ಕೆ ಬರ್ತೀನಿ. ಕರ್ನಾಟಕದಲ್ಲಿ ಸುಜಲ-3 ಯೋಜನೆಯಲ್ಲಿ 1:7920 ಅಳತೆಯಲ್ಲಿ ಮಣ್ಣಿನ ಆಳ, ಇಳಿಜಾರು, ಸವಕಳಿ ಎಲ್ಲಾ ಗುರುತು ಮಾಡಿದ್ರು. ಒಂದು ಮೈಲಿಗೆ ಎಂಟು ಇಂಚು, ಅಂದ್ರೆ ನಮ್ಮ ಹಳೇ ಗ್ರಾಮ ನಕ್ಷೆಯದೇ ಅಳತೆ. ಸರ್ವೇ ನಂಬರ್ ಹಿಡಿದು ಹುಡುಕಬಹುದು. ಒಳ್ಳೆ ಕೆಲಸ. ಆದ್ರೆ ಇದೆಲ್ಲಾ ನಿಂತಿರೋದು ಸರ್ವೇ ನಂಬರ್ ಮೇಲೆ.

ಆದಿವಾಸಿಗಳ ಎಷ್ಟೋ ಹೊಲ ಕಾಗದದಲ್ಲಿ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಉಳ್ತಾ ಇದ್ದವರಿಗೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕುಪತ್ರ ಸಿಗುತ್ತೆ. ಮಾರೋ ಹಾಗಿಲ್ಲ, ಮಕ್ಕಳಿಗೆ ಬರುತ್ತೆ, ಮದುವೆಯಾದವರಿಗೆ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಇರುತ್ತೆ. ಆ ಪತ್ರದ ನಮೂನೆಯಲ್ಲಿ ಗಡಿಯನ್ನ ಗುಡ್ಡ, ಹಳ್ಳದಂಥ ಗುರುತಿನಿಂದ, ಖಸ್ರಾ ಅಥವಾ ಅರಣ್ಯದ ಕಂಪಾರ್ಟ್‌ಮೆಂಟ್ ನಂಬರಿನಿಂದ ಹೇಳ್ತಾರೆ. ನಮ್ಮ ಉತಾರ, ಪಹಣಿ ಅಥವಾ ಇಲ್ಲಿನ ಸಾತ್‌ಬಾರಾ ಇದ್ದ ಹಾಗೆ ಅದು ಎಲ್ಲಾ ಸಿಸ್ಟಮ್ಮಿಗೂ ಹೊಂದೋದಿಲ್ಲ. ಡೇಟಾಬೇಸಿನಲ್ಲಿ ಪ್ರೈಮರಿ ಕೀ ಇಲ್ಲದ ಸಾಲು ಏನಾಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇದು ಮಹಾರಾಷ್ಟ್ರದ್ದೇ ಸಮಸ್ಯೆ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನ ನೆನಪು ಮಾಡ್ಕೊಳ್ಳಿ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಸೋಲಿಗರ ಪೋಡುಗಳಿಗೆ ಸಮುದಾಯ ಹಕ್ಕೂ ಸಿಕ್ತು. ಕಾಡಿನೊಳಗೆ ಬದುಕೋರ ಹೊಲಕ್ಕೆ ಗ್ರಾಮ ನಕ್ಷೆಯ ಗೆರೆ ಸಾಲೋದಿಲ್ಲ.

ಹಾಗಂತ ನಾವೇ ಹೋಗಿ ಎಲ್ಲಾ ನಕ್ಷೆ ಮಾಡಿ ಇಂಟರ್‌ನೆಟ್ಟಿಗೆ ಹಾಕಿಬಿಡೋಣ ಅಂದ್ರೆ ಅದೂ ಸರಿ ಅಲ್ಲ. ಒಂದು ಸಭೆಯಲ್ಲಿ ಒಬ್ಬ ಯುವಕ ಕೇಳಿದ: "ನಮ್ಮ ಹೊಲದ ಮಣ್ಣು ಹಾಳಾಗಿದೆ ಅಂತ ನೀವು ಬರೆದ್ರೆ, ಉಳೋದಕ್ಕೆ ಲಾಯಕ್ಕಿಲ್ಲ ಅಂತ ಯಾರಾದ್ರೂ ಕಿತ್ಕೊಂಡು ಗಿಡ ನೆಡಲ್ವಾ?" ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾಯ್ತಾ ಇರೋ ಮನೆಗೆ ಇದು ಕಲ್ಪನೆಯ ಭಯ ಅಲ್ಲ. ಜವ್ಹಾರ್, ಮೋಖಾಡಾ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ. ಕರ್ನಾಟಕದಲ್ಲಿ ಅಂಥ ಪ್ರದೇಶ ಇಲ್ಲ, ಹಾಗಾಗಿ ನಮಗೆ ಇದು ಅಷ್ಟು ಪರಿಚಯ ಇಲ್ಲ. ಅಲ್ಲಿ 1996ರ ಪೇಸಾ ಕಾಯ್ದೆ ಪ್ರಕಾರ ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಇದೆ. ಗುಂಪು ಇಟ್ಟುಕೊಂಡಿರೋ ನಿಯಮ ಸರಳ: ಗ್ರಾಮಸಭೆ ಒಪ್ಪಿದ ಮೇಲೆಯೇ ಕೆಲಸ, ಮೂಲ ಡೇಟಾ ಅವರ ಹತ್ತಿರ, ಹೊಲದ ಅಕ್ಷಾಂಶ-ರೇಖಾಂಶ ಹೊರಗೆ ಹೋಗೋದಿಲ್ಲ. ಬೇಡ ಅಂದ ಮನೆಯ ಹೊಲ ನಕ್ಷೆಯಲ್ಲಿ ಖಾಲಿ ಇರುತ್ತೆ. ಖಾಲಿ ಜಾಗ ಇರೋ ನಕ್ಷೆ ನೋಡೋಕೆ ಚೆಂದ ಇರಲ್ಲ. ಅದಕ್ಕೇ ಅದನ್ನ ನಂಬಿ ಪಕ್ಕದ ಪಾಡಾದವರು ಕರೀತಾರೆ.

ನಾವು ಏನು ಮಾಡಬಹುದು

ಇಲ್ಲಿ ಕೂತಿರೋರಲ್ಲಿ ಅರ್ಧ ಜನಕ್ಕಾದ್ರೂ ಊರಲ್ಲಿ ಜಮೀನಿದೆ. ಮುಂದಿನ ಸಲ ಹೋದಾಗ ಆ ಚೀಟಿ ತೆಗೆದು ನೋಡಿ. ನಿಮ್ಮ ಹೊಲದ್ದೇ ಮಣ್ಣಾ, ಗ್ರಿಡ್ಡಿನದಾ ಅಂತ ಕೇಳಿ. ಅಪ್ಪ-ಅಮ್ಮನ ಜೊತೆ ಹೊಲ ಸುತ್ತಿ ಮಣ್ಣಿನ ಹೆಸರುಗಳನ್ನ ಬರ್ಕೊಳ್ಳಿ. ಅವರ ನಂತರ ಕೇಳೋಕೆ ಯಾರೂ ಇರಲ್ಲ.

ಎರಡನೆಯದು, ನೀವಿರೋ ಊರಿನ ಸುತ್ತ ಇಂಥ ಗುಂಪುಗಳು ಇರ್ತವೆ. ಪುಣೆಯವರಿಗೆ ಸಹ್ಯಾದ್ರಿಯ ಮಹಾದೇವ ಕೋಳಿಗಳು, ಹೈದರಾಬಾದಿನವರಿಗೆ ಆದಿಲಾಬಾದಿನ ಗೋಂಡರು, ಕೋಲಾಮರು. ಅವರಿಗೆ ಹೊಸ ಆ್ಯಪ್ ಬೇಕಾಗಿರೋದಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಓಡೋ ನಕ್ಷೆ, ಬೇರೆ ಬೇರೆ ಲ್ಯಾಬಿನ ಎಕ್ಸೆಲ್ ಶೀಟ್ ಹೊಂದಿಸೋ ಒಂದು ಸಣ್ಣ ಸ್ಕ್ರಿಪ್ಟ್, ಪ್ರಿಂಟಿಗೆ ಸರಿಯಾದ ಫೈಲ್, ಇಷ್ಟೇ ಬೇಕಾಗಿರುತ್ತೆ. ನಮಗೆ ಅದು ಎರಡು ಸಂಜೆ ಕೆಲಸ. ಮೊದಲೊಂದು ಸಲ ಲ್ಯಾಪ್‌ಟಾಪ್ ಇಲ್ಲದೇ ಹೋಗಿ, ಹೊಲದವರ ಜೊತೆ ನಡೆದು ಬನ್ನಿ.

ಆಜಿಯ ಪ್ರಶ್ನೆಗೆ ಉತ್ತರವನ್ನ ಅವರ ಮೊಮ್ಮಗನೇ ಈಗ ಅಳೀತಾ ಇದ್ದಾನೆ. ಹೊಸ ಬದುವಿನ ಹಿಂದೆ ಗುರುತಿನ ಕಡ್ಡಿ ನೆಟ್ಟಿದ್ದಾನೆ. ಮಳೆಗಾಲ ಮುಗಿದ ಮೇಲೆ ಎಷ್ಟು ಬೆರಳು ಮಣ್ಣು ನಿಂತಿದೆ ಅಂತ ಅಲ್ಲೇ ನೋಡಿ ನೋಟ್‌ಬುಕ್ಕಿನಲ್ಲಿ ಬರೀತಾನೆ. ಬೇಕಾದ್ರೆ ನಮಗೆ ಕಳಿಸ್ತಾನೆ.

 ಪ್ರಶ್ನೆ ಇದ್ರೆ ಕೇಳಿ. ಗುಂಪಿನ ಜೊತೆ ಬರೋ ಮನಸ್ಸಿದ್ರೆ ಚಹಾ ಹೊತ್ತಿನಲ್ಲಿ ಸಿಗಿ, ಮಾತಾಡೋಣ.